ತತ್ತಿ ತಾಗಿದ ಪರಾತ

ಆಗೆಲ್ಲ ನಮ್ಮ ಬೋರಗಾಂವದಲ್ಲಿ ಕ್ರಿಸ್‌ಮಸ್ಸಿಗೆ ನಾತಾಳ ಎನ್ನುತ್ತಿದ್ದರು. ಓಣಿಯಲ್ಲಿ ಆ ಹಬ್ಬ ಮಾಡುವ ಮನೆ ನಮ್ಮದೊಂದೇ. ತಿನ್ನುವ ಮನೆಗಳು ಹನ್ನೆರಡು. ಹಬ್ಬದ ಹಿಂದಿನ ದಿನ ಪಾವರ್‌ಲೂಮಿನ ಸದ್ದಿನ ನಡುವೆ ಹುರಿದ ಗಸಗಸೆ, ಒಣಕೊಬ್ಬರಿ, ಕರ್ಚಿಕಾಯಿ ಕರಿಯುವ ಎಣ್ಣೆಯ ಘಮ ಹಬ್ಬುತ್ತಿತ್ತು. ಆದರೆ ಹನ್ನೆರಡೂ ಮನೆಗೆ ತಾಟು ಹೋಗುವ ತನಕ ನಮಗೆ ಒಂದು ಚೂರೂ ಸಿಗುತ್ತಿರಲಿಲ್ಲ.

"ಯೇಸಪ್ಪ ಎಲ್ಲಾರ ಸಲುವಾಗಿ ಹುಟ್ಯಾನ. ಅವನ ಹಬ್ಬ ಬಾಗಲಾ ಹಾಕ್ಕೊಂಡು ತಿನ್ನೂದಲ್ಲ," ಎನ್ನುತ್ತಿದ್ದಳು ಅವ್ವ. ನನಗೆ ಈ ಮಾತು ಸೇರುತ್ತಿರಲಿಲ್ಲ. ಚೆಂದದವೆಲ್ಲ ಊರಿಗೆ ಹೋಗಿ ನಮ್ಮ ಪಾಲಿಗೆ ಮುರಿದವು, ಬಾಯಿ ಬಿಟ್ಟವು ಉಳಿಯುತ್ತಿದ್ದವು.

ಮೊದಲ ತಾಟು ಎದುರು ಮನೆಯ ಪದ್ಮಾ ಆಯಿಗೆ. ಆಯಿ ಜೈನರು, ದಿನ ಮುಳುಗಿದ ಮೇಲೆ ಏನೂ ತಿನ್ನುತ್ತಿರಲಿಲ್ಲ. ತತ್ತಿ, ಮಾಂಸ ಬೇಯುವ ನಮ್ಮ ಮನೆಯ ತಿಂಡಿಯನ್ನು ಅವರು ಮುಟ್ಟುತ್ತಿದ್ದುದು ಅವ್ವನ ಮಾತಿನ ಮೇಲೆ ಮಾತ್ರ. ಹಬ್ಬದ ಹಿಟ್ಟು ನಾದಲೆಂದೇ ಅವ್ವ ಒಂದು ಹಿತ್ತಾಳೆ ಪರಾತ ಬೇರೆ ಇಟ್ಟಿದ್ದಳು. "ಇದಕ್ಕ ತತ್ತಿ ತಾಗಿಲ್ಲಂತ ಆಯಿಗೆ ಹೇಳು" ಎಂದು ಪ್ರತಿ ವರ್ಷ ನನ್ನನ್ನು ಕಳಿಸುತ್ತಿದ್ದಳು.

ನಾಲ್ಕನೇ ಇಯತ್ತೆಯಲ್ಲಿದ್ದಾಗ ನನಗೆ ಕೇಕಿನ ಹುಚ್ಚು ಹಿಡಿಯಿತು. ನಿಪ್ಪಾಣಿಯ ಅತ್ತೆ ಕುಕ್ಕರಿನಲ್ಲಿ ಮರಳು ಹಾಕಿ ಕೇಕು ಮಾಡುವುದನ್ನು ತೋರಿಸಿದ್ದಳು. "ಮೊದಲ ತಾಟು ಹೋಗ್ಲಿ, ಆಮ್ಯಾಲ ನಿನ್ನ ಕೇಕು," ಎಂದು ಅವ್ವ ಚರ್ಚು ಗುಡಿಸಲು ಹೋದಳು. ನನಗೆಲ್ಲಿಯ ತಾಳ್ಮೆ? ತೊಳೆದಿಟ್ಟ ಪರಾತ ಕಣ್ಣೆದುರಿಗೇ ಇತ್ತು. ಎರಡು ತತ್ತಿ ಒಡೆದು ಗಿರಗಿರ ತಿರುವಿದ ಮೇಲೆ ಆಯಿಯ ನೆನಪಾಯಿತು. ಕಲಸಿದ್ದನ್ನು ಡಬ್ಬಿಗೆ ಸುರುವಿ, ಪರಾತವನ್ನು ಬೂದಿ ಹಾಕಿ ತಿಕ್ಕಿ ಇದ್ದಲ್ಲೇ ಇಟ್ಟೆ. ಅವ್ವ ಬಂದು ಅದರಲ್ಲೇ ಕಣಕ ನಾದಿದಳು. ನಾನು ಎದುರಿಗೆ ಕೂತು ಕೊಬ್ಬರಿ ತುರಿದೆ, ಬಾಯಿ ಬಿಡಲಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲೇ ತಾಟು ಹಿಡಿದು ಹೋದೆ. ಆಯಿ ಕಟ್ಟೆಯ ಮೇಲೆ ಕಾಯುತ್ತಿದ್ದರು. ಹೇಳಬೇಕಾದ ಮಾತು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ಕರ್ಚಿಕಾಯಿ ಮುರಿದು ಬಾಯಿಯ ಹತ್ತಿರ ಒಯ್ದರು.

"ತಿನಬ್ಯಾಡ್ರಿ ಆಯಿ."

"ಯಾಕ ಬೇ?"

"ಪರಾತದಾಗ ನಾ ತತ್ತಿ ಒಡದೀನ್ರಿ. ಅವ್ವಗ ಗೊತ್ತಿಲ್ರಿ. ಎರಡ ಸಲ ತಿಕ್ಕೀನಿ."

"ತಿಕ್ಕಿದ್ರೂ ನನಗ ನಡ್ಯಾಂಗಿಲ್ಲ," ಎಂದು ಆಯಿ ಚೂರನ್ನು ತಾಟಿಗೆ ಇಟ್ಟರು. ಬೈಯಲಿಲ್ಲ. ನನ್ನ ಕೈ ಹಿಡಿದು ನಮ್ಮ ಮನೆಗೇ ಬಂದರು. ಇನ್ನು ಈ ಮನೆಗೂ ಆ ಮನೆಗೂ ಮುಗಿಯಿತು ಎಂದುಕೊಂಡೆ.

ವಿಷಯ ತಿಳಿದು ಅವ್ವ ಕಣ್ಣೊರೆಸಿಕೊಂಡಳು. "ನನ್ನ ಮಾತ ಸುಳ್ಳಾತ್ರಿ ಆಯಿ."

"ಎಲ್ಲಿ ಸುಳ್ಳಾತು? ಬಾಯಿತನಕ ಬಂದದ್ದ ನಿನ್ನ ಮಗಳು ತಡದಾಳ. ನಾಳೆ ಚರ್ಚ್ ಮುಗಿಸಿ ನಮ್ಮ ಮನಿಗೆ ಬಾ. ಪರಾತ ನಂದು, ಕೈ ನಿಂದು."

ಮರುದಿನ ಅವ್ವ ಹಬ್ಬದ ಸೀರೆಯಲ್ಲೇ ಆಯಿಯ ಅಡುಗೆಮನೆಯಲ್ಲಿ ಕೂತಳು. ಆಯಿ ಅರಿವೆಯಲ್ಲಿ ನೀರು ಸೋಸಿ ಕೊಟ್ಟು, "ನಿನ್ನ ಪ್ರಾರ್ಥನಾ ಆಗ್ಲಿ, ಒಲಿ ಆಮ್ಯಾಲ ಹಚ್ಚೂಣು," ಎಂದು ಸುಮ್ಮನೆ ನಿಂತರು. ಮೊದಲ ಕರ್ಚಿಕಾಯಿ ನನ್ನ ಕೈಗೇ ಬಂತು, ಇಡಿಯದು, ಬಾಯಿ ಬಿಡದ್ದು. ಅದನ್ನು ನಾನು ಮುರಿದು ಆಯಿಗೆ ಅರ್ಧ ಕೊಟ್ಟೆ. ಆಯಿ ತಿಂದರು. ಆಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಕೇಕೂ ಆಗಿತ್ತು, ತಳ ಸ್ವಲ್ಪ ಹೊತ್ತಿತ್ತು. ಮನೆಯವರಷ್ಟೇ ತಿಂದು ಮುಗಿಸಿದೆವು. ಅದರ ರುಚಿ ನೆನಪಿಲ್ಲ. ಆಮೇಲೆ ಆಯಿ ಇರುವವರೆಗೂ ನಾತಾಳದ ಎಣ್ಣೆ ಕಾದದ್ದು ಅವರ ಒಲೆಯ ಮೇಲೆ.

ಈಗ ನಾನು ಚಿಕ್ಕೋಡಿಯಲ್ಲಿದ್ದೇನೆ. ಕ್ರಿಸ್‌ಮಸ್ಸಿಗೆ ಬೇಕರಿಯಿಂದ ಹನ್ನೆರಡು ಬಾಕ್ಸು ತರುತ್ತೇನೆ, ಎಲ್ಲದರ ಮೇಲೂ ಹಸಿರು ಚುಕ್ಕಿ. ನೆರೆಯವರು ಒಳ್ಳೆಯವರು, ಚುಕ್ಕಿ ನೋಡಿ, ನಕ್ಕು ತೆಗೆದುಕೊಳ್ಳುತ್ತಾರೆ. ನನ್ನ ಮಾತು ಯಾರಿಗೂ ಬೇಕಾಗುವುದಿಲ್ಲ. ಮಗಳು ಹನ್ನೆರಡೂ ಮನೆಗೆ ಕೊಟ್ಟು ಕಾಲು ಗಂಟೆಯಲ್ಲಿ ಮರಳುತ್ತಾಳೆ. ಒಂದೇ ಮನೆಗೆ ತಾಟು ಮುಟ್ಟಿಸಲು ನನಗೆ ಎರಡು ದಿನ ಹಿಡಿದಿತ್ತು.