ಒಂದು ನಾಣ್ಯಕ್ಕೆ ಮೂರು ಜಾನು

ಪತ್ರಿಕೆಯಲ್ಲಿ ಬಂದ ಆ ‘ರಕ್ತದ ರುಚಿ ಹತ್ತಿದ ಯುವಕ’ ನಾನೇ. ನನಗೆ ಗೊತ್ತಿರುವ ರಕ್ತವೆಂದರೆ ಗಡ್ಡ ಬೋಳಿಸುವಾಗ ಬರುವುದು, ಅದೂ ಗಡ್ಡಕ್ಕಿಂತ ಮೊದಲೇ ಬ್ಲೇಡು ಹಿಡಿದ ತಪ್ಪಿಗೆ. ಆದರೂ ಆ ಭಯಂಕರ ಯುವಕನನ್ನು ಸುದ್ದಿಗಾರನಿಗೆ ಹೊಲಿದು ಕೊಟ್ಟವನು ನಾನು. ಹೊಲಿಗೆಯ ಕೂಲಿ ಒಂದು ಕಪ್ ಚಹಾ, ಒಂದು ತಟ್ಟೆ ಮಿರ್ಚಿಭಜಿ.

ಶಹಾಬಾದಿನ ನಮ್ಮ ಓಣಿಯಲ್ಲಿ ಒಬ್ಬ ಚಾಚಾ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಹೋದ ವರ್ಷ ಸೈಕಲ್ಲುಗಳನ್ನೆಲ್ಲ ಮಾರಿ ಹೈದರಾಬಾದಿನಿಂದ ಹಳೆಯದೊಂದು ವಿಡಿಯೋ ಗೇಮ್ ಮಷೀನು ತಂದರು. ಬೀರುವಿನಷ್ಟು ಎತ್ತರ, ಎದೆಮಟ್ಟಕ್ಕೆ ಗಾಜಿನ ಪರದೆ, ಅದರ ಕೆಳಗೆ ಒಂದು ಹಿಡಿಕೆ, ಎರಡು ಗುಂಡಿ. ನಾಣ್ಯ ಹಾಕಿದರೆ ಗೇಣುದ್ದದ ಪೈಲ್ವಾನನೊಬ್ಬ ಎದ್ದು ಎದುರು ಬಂದವರನ್ನೆಲ್ಲ ಗುದ್ದುತ್ತಿದ್ದ. ಮೂರು ಸಲ ಬಿದ್ದರೆ ಆಟ ಮುಗಿಯಿತು. ಈ ಮೂರಕ್ಕೆ ಹುಡುಗರು ಇಟ್ಟ ಹೆಸರು ‘ಜಾನ್’. ದಖನಿಯಲ್ಲಿ ಜಾನ್ ಎಂದರೆ ಜೀವ. ಹುಡುಗರ ಬಾಯಲ್ಲಿ ಅದು ಬರೀ ಪಾಳಿ. “ನನ್ನ ಜಾನ್ ಅಂವ ತಗೊಂಡ” ಎಂದರೆ ನನ್ನ ಪಾಳಿಯನ್ನು ಅವನು ಆಡಿಬಿಟ್ಟ ಎಂದರ್ಥ. ಈ ಮಾತು ಮಷೀನಿನಿಂದ ಇಳಿದು ಗೋಲಿಗುಂಡಿಗೆ ಹೋಯಿತು, ಗಾಳಿಪಟಕ್ಕೆ ಹೋಯಿತು, ನಮ್ಮವ್ವನ ಒಲೆಯ ಮುಂದೆಯೂ ಬಂದು ಕೂತಿತು. ನಾನು ಇನ್ನೊಂದು ರೊಟ್ಟಿ ಕೇಳಿದರೆ, “ನಿನ್ನ ಜಾನ್ ಮುಗದಾವ, ಏಳು” ಎನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ ಓಣಿಯ ಇಬ್ಬರು ಹುಡುಗರು ಹೊಡೆದಾಡಿದರು. ಒಬ್ಬನ ಹಣೆ ಒಡೆದು ಹೊಲಿಗೆ ಬಿದ್ದವು. ಕೆಲವು ದಿನಗಳ ಮೇಲೆ ಸುದ್ದಿಗಾರ ಬಂದ. ಮೈಸೂರು ಕಡೆಯವನು, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಅವನು ಚಾಚಾನ ಅಂಗಡಿಗೆ ಹೋಗಲಿಲ್ಲ, ಹಣೆ ಒಡೆದ ಹುಡುಗನ ಮನೆಗೂ ಹೋಗಲಿಲ್ಲ. ನೇರವಾಗಿ ಚಹಾದಂಗಡಿಗೆ ಬಂದು, “ಆ ಮಷೀನಿನ ಆಟದಲ್ಲಿ ಏನಾಗುತ್ತಪ್ಪಾ?” ಎಂದು ನನ್ನನ್ನು ಕೇಳಿದ.

ನನ್ನನ್ನು ಹಾಗೆ ಕೇಳಬಾರದು. ನಾನು ಸ್ಟೇಷನ್ ಮಾಸ್ತರರಿಂದ ಹಿಡಿದು ಮನೆಯ ಎಮ್ಮೆಯವರೆಗೆ ಎಲ್ಲರ ದನಿ ತೆಗೆಯುವವನು. ಬೆಂಚು ಹತ್ತಿದೆ. ಮಷೀನಿನ ಕೀಂಕೀಂ ಮಾಡಿದೆ, ಪೈಲ್ವಾನನ ಗುದ್ದು ಮಾಡಿದೆ, ಮೂರು ಸಲ ಮೂರು ನಮೂನೆಯಾಗಿ ಸತ್ತೆ. “ಅವನ ಜಾನ್ ತಗೊಂಡೇ ಮನಿಗಿ ಹೋಗ್ತೀನಿ!” ಎಂದು ಕಣ್ಣುಗುಡ್ಡೆ ತಿರುಗಿಸಿದೆ. ಜನ ನಕ್ಕರು. ಜನ ನಕ್ಕರೆ ನನ್ನ ಗಾಡಿಗೆ ಬ್ರೇಕು ಹತ್ತುವುದಿಲ್ಲ. ಚಾಚಾನ ಗೊಗ್ಗರು ದನಿಯನ್ನೂ ತೆಗೆದೆ: “ಮಾರೋ ಬೇಟಾ, ಮಾರೋ! ಛೋಡೋ ಮತ್!” ಚಾಚಾ ಎಂದೂ ಹಾಗೆ ಅಂದವರಲ್ಲ. ಅವರು ದಿನವಿಡೀ ಅನ್ನುತ್ತಿದ್ದದ್ದು ಒಂದೇ ಮಾತು, “ಗುಂಡಿ ಹಗೂರಕ ಒತ್ತೋ, ಮುರೀತದ.” ಅದರಲ್ಲಿ ನಗು ಇರಲಿಲ್ಲ, ಅದಕ್ಕೇ ಬಿಟ್ಟೆ.

ಪತ್ರಿಕೆ ಬಂತು. ನಾನು ಸತ್ತ ಮೂರೂ ಸಾವು ಅಚ್ಚಾಗಿದ್ದವು. ‘ಅವನ ಪ್ರಾಣ ತೆಗೆದೇ ಮನೆಗೆ ಹೋಗುವೆ’ ಎಂದು ಯುವಕ ಅಬ್ಬರಿಸಿದನಂತೆ. ‘ಹೊಡೆಯಿರಿ, ಬಿಡಬೇಡಿ’ ಎಂದು ಮಾಲೀಕ ಮಕ್ಕಳನ್ನು ಹುರಿದುಂಬಿಸುತ್ತಾನಂತೆ. ಚಿಣಿಕೋಲಿನಂಥ ನಮ್ಮ ಸಾತ್ವಿಕ ಆಟಗಳನ್ನು ಮಕ್ಕಳು ಮರೆತರಂತೆ. ಹುಡುಗನ ಹಣೆ ಒಡೆದದ್ದಕ್ಕೆ ಆ ಮಷೀನೇ ಕಾರಣವಂತೆ. ತಜ್ಞರೂ ಹೀಗೇ ಹೇಳುತ್ತಾರಂತೆ. ಮರುದಿನ ಠಾಣೆಯ ಫೌಜದಾರರು ಬಂದು ಅಂಗಡಿಗೆ ಬೀಗ ಜಡಿದು ಕೀಲಿಕೈ ಒಯ್ದರು.

ಚಾಚಾ ಮುಚ್ಚಿದ ಬಾಗಿಲ ಮುಂದಿನ ಫರ್ಸಿಕಲ್ಲಿನ ಮೇಲೆ ಕೂತಿದ್ದರು. ನಾನು ನಗಿಸಲು ಹೋದೆ.

“ಚಾಚಾ, ಪೇಪರನ್ಯಾಗ ಬಂದೀರಿ, ದೊಡ್ಡ ಮನ್ಷಾ ಆದ್ರಿ.”

ಅವರು ಮುಖ ಎತ್ತಲಿಲ್ಲ. “ಸೈಕಲ್ ಹ್ವಾದ್ವು, ಮಷೀನ್ ಒಳಗ ಬಿತ್ತು. ನಾಳಿ ಮನ್ಯಾಗ ಏನ್ ಬೇಯಸ್ಲಿ? ನನ್ನ ಆವಾಜ್ ಒಂದು ನಂದಿತ್ತು, ಅದನೂ ನೀ ಭಜಿಗಿ ಮಾರ್ಕೊಂಡಿ. ಏಳು ಇಲ್ಲಿಂದ.”

ಎದ್ದೆ. ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಆ ಇಸ್ತ್ರಿ ಅಂಗಿಯ ಮೇಲೆ. ನಾನು ಬೆಂಚಿನ ಮೇಲೆ ಕುಣಿದ ಕೋಡಂಗಿ, ಸರಿ. ಕೋಡಂಗಿಯ ಮಾತನ್ನು ಸಾಕ್ಷಿ ಎಂದು ಬರೆದುಕೊಂಡವನಿಗೆ ಏನೆನ್ನಬೇಕು? ನಮ್ಮ ಸಾಲಿಯ ಮಾಸ್ತರರು ಆ ಸುದ್ದಿಯನ್ನು ಹುಡುಗರಿಗೆ ಗಟ್ಟಿಯಾಗಿ ಓದಿಸಿದರಂತೆ, ತಡವರಿಸಿದವನಿಗೆ ಬೆತ್ತದಿಂದ ಬಾರಿಸುತ್ತ. ಹಿಂಸೆ ತಪ್ಪೆಂದು ಹೇಳುವ ಪ್ರತಿಯೊಬ್ಬರ ಕೈಯಲ್ಲೂ ಒಂದು ಕೋಲಿತ್ತು. ಫೌಜದಾರರ ಲಾಠಿ ಯಾವ ಗೇಮು ನೋಡಿ ಕಲಿತದ್ದು? ನಮ್ಮಪ್ಪ ನನ್ನನ್ನು ಬಾರುಕೋಲಿನಿಂದ ಬಾರಿಸುತ್ತಿದ್ದ ಕಾಲಕ್ಕೆ ಈ ಜಿಲ್ಲೆಯಲ್ಲಿ ಅಂಥ ಮಷೀನಿನ ಹೆಸರು ಕೇಳಿದವರಿರಲಿಲ್ಲ.

ವಾಚನಾಲಯಕ್ಕೆ ಹೋದೆ. ಪರೀಕ್ಷೆ ಪಾಸಾಗಲು ಎಂದೂ ಅಲ್ಲಿಗೆ ಹೋಗದವನು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದ್ದು ನೋಡಿ ಅಲ್ಲಿನ ಜವಾನನೇ ಗಾಬರಿಯಾದ. ಗೇಮಿನಿಂದ ಹುಡುಗರು ಕೆಟ್ಟರೆಂಬ ಸುದ್ದಿಗಳನ್ನೆಲ್ಲ ಓದಿದೆ. ಊರು ಬೇರೆ, ಹುಡುಗ ಬೇರೆ, ‘ತಜ್ಞರು ಹೇಳುತ್ತಾರೆ’ ಎಂಬುದು ಮಾತ್ರ ಎಲ್ಲದರಲ್ಲೂ ಅದೇ. ತಜ್ಞರಿಗೆ ಊರಿಲ್ಲ, ಮನೆಯಿಲ್ಲ, ಹೆಸರಿಲ್ಲ. ನಮ್ಮ ಓಣಿಯ ದೆವ್ವಕ್ಕಾದರೂ ಒಂದು ಹುಣಸೆಮರ ಇದೆ.

ಆಮೇಲೆ, ಮೊದಲೇ ಕೇಳಬೇಕಾದವನನ್ನು ಕೇಳಲು ಹೋದೆ. ಹಣೆಗೆ ಪಟ್ಟಿ ಕಟ್ಟಿಕೊಂಡ ಹುಡುಗ ಕಟ್ಟೆಯ ಮೇಲೆ ಪೇರಲಹಣ್ಣು ತಿನ್ನುತ್ತಿದ್ದ.

“ಯಾಕ್ ಹೊಡದಾಡಿದ್ರಲೇ?”

“ಅಂವ ನನ್ನ ಜಾನ್ ತಗೊಂಡ ಅಣ್ಣಾ. ನಾ ಬೈದೆ. ಅಂವ ಕೋಲ್ ಬೀಸ್ದ.”

“ಕೋಲಾ? ಚಾಚಾನ ಅಂಗಡ್ಯಾಗ ಕೋಲ್ ಎಲ್ಲಿಂದ ಬಂತು?”

“ಅಂಗಡ್ಯಾಗ ಯಾರಿದ್ರು? ಮುಂಜಾನಿಂದ ಕರೆಂಟೇ ಇದ್ದಿಲ್ಲ. ನಾವು ಬಯಲಾಗ ಚಿಣಿಕೋಲು ಆಡ್ಲಿಕತ್ತಿದ್ವಿ.”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಸಾತ್ವಿಕ ಆಟದ ಸಾತ್ವಿಕ ಕೋಲು! ಮಷೀನು ಆ ಜಗಳಕ್ಕೆ ಕೊಟ್ಟದ್ದು ಒಂದೇ ಒಂದು ಶಬ್ದ. ಉಳಿದದ್ದೆಲ್ಲ ಅಜ್ಜ ಮುತ್ತಜ್ಜರಿಂದ ಬಂದ ಆಸ್ತಿ.

ಒಳಗಿನಿಂದ ಹುಡುಗನ ಅವ್ವ ಬಂದಳು. ಬಾಯಲ್ಲಿ ನನ್ನನ್ನು ಸೋಲಿಸುವ ಹೆಣ್ಣುಮಗಳು ಓಣಿಯಲ್ಲಿ ಅವಳೊಬ್ಬಳೇ. “ಇಷ್ಟು ದಿನ ಯಾರೂ ಕೇಳ್ಲಿಲ್ಲ, ಇವತ್ತು ನೀ ಬಂದಿ. ನಡಿ ಠಾಣ್ಯಕ್ಕ” ಎಂದಳು. ಚಾಚಾನನ್ನೂ ಎಬ್ಬಿಸಿಕೊಂಡು ಹೋದೆವು.

ಠಾಣೆಯಲ್ಲಿ ಸುದ್ದಿಗಾರನೂ ಇದ್ದ. ದಿನದ ಸುದ್ದಿ ಎತ್ತಿಕೊಂಡು ಹೋಗಲು ಬಂದು, ಫೌಜದಾರರ ಚಹಾ ಕುಡಿಯುತ್ತಿದ್ದ. ಹುಡುಗ ಎಲ್ಲವನ್ನೂ ಹೇಳಿದ. ಜಾನ್ ಎಂದರೆ ಪಾಳಿ ಎಂದು ನಾನು ಹೇಳಿದೆ. ಚಾಚಾನದೆಂದು ಅಚ್ಚಾದ ಮಾತು ನನ್ನ ನಕಲೆಂದು ಹೇಳಿ, ಅಲ್ಲೇ ಇನ್ನೊಮ್ಮೆ ತೆಗೆದೂ ತೋರಿಸಿದೆ. ಪೇದೆಯೊಬ್ಬ ನಕ್ಕ. ಚಾಚಾ ನಗಲಿಲ್ಲ.

“ಆದ್ರ ಪೇಪರನ್ಯಾಗ ಬಂದದಲ್ಲೋ?” ಎಂದು ಫೌಜದಾರರು ಮೀಸೆ ಎಳೆದರು.

ನಾನು ಸುದ್ದಿಗಾರನ ಕಡೆ ತಿರುಗಿದೆ. “ಯಾವ ತಜ್ಞರು ಹೇಳ್ಯಾರ್ರೀ? ಒಬ್ಬರ ಹೆಸರು ಹೇಳ್ರಿ.”

“ಎಲ್ರೂ ಹೇಳ್ತಾರಪ್ಪಾ.”

“ಎಲ್ಲಾರೂ ಅಂದ್ರ ಯಾರೂ ಅಲ್ಲ! ಒಬ್ಬ ಮನ್ಷಾನ ಹೊಟ್ಟಿ ಮ್ಯಾಲ ಹೊಡದೀರಿ, ತಿದ್ದಿ ಬರೀರಿ!” ಯಾರ ದನಿಯನ್ನೂ ನಕಲು ಮಾಡದೆ ನಾನು ಜೋರಾಗಿ ಮಾತಾಡಿದ್ದು ಅಪರೂಪ.

ಅವನು ಚಹಾದ ಕೊನೆಯ ಗುಟುಕು ಹೀರಿ ಕಪ್ಪು ಕೆಳಗಿಟ್ಟ. “ಅವತ್ತು ಕರೆಂಟ್ ಇಲ್ಲದಿದ್ರೆ ಏನಂತೆ? ಆ ಮಷೀನ್ ಮಕ್ಕಳ ತಲೆ ಒಳಗೆ ಓಡ್ತಾನೇ ಇರುತ್ತೆ. ಏಟು ಬಿದ್ದದ್ದು ಅದರಿಂದ್ಲೇ.”

ತಿದ್ದುಪಡಿ ಇವತ್ತಿಗೂ ಬಂದಿಲ್ಲ. ನಾನಿನ್ನೂ ಆ ಪತ್ರಿಕೆಯಲ್ಲಿ ರಕ್ತದ ರುಚಿ ಹತ್ತಿದವನೇ. ಆದರೆ ಮುಂದಿನ ಮಾತು ಕೇಳಿ ಫೌಜದಾರರು ಹೊಟ್ಟೆ ಕುಲುಕಿ ನಕ್ಕರು, ನಗುತ್ತಲೇ ಮೇಜಿನ ಖಾನೆಯಿಂದ ಕೀಲಿಕೈ ತೆಗೆದು ಚಾಚಾನ ಕೈಗೆ ಹಾಕಿದರು. ಹುಡುಗನ ಅವ್ವ ಸೆರಗು ಸರಿಮಾಡಿಕೊಂಡು ಸುದ್ದಿಗಾರನಿಗೆ ಹೇಳಿದ್ದು ಇಷ್ಟು:

“ಕರೆಂಟಿಲ್ದೇ ಆ ಮಷೀನ್ ಓಡಿ ನನ್ನ ಮಗನ ಹಣಿ ಒಡೀತದಂದ್ರ, ಯಪ್ಪಾ, ನಮ್ಮ ಮನ್ಯಾಗೊಂದು ಫ್ಯಾನ್ ಅದ, ಅದನೂ ಹಂಗೇ ಓಡಿಸಿಕೊಟ್ಟು ಹೋಗು, ಸೆಕಿ ಭಾಳ ಆಗ್ಯದ.”