ಬೂದಿಗೆ ಹುಳ ಸಾಯುವುದಿಲ್ಲ

ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ, ಫ್ಯಾಕ್ಟರಿ ಸೈರನ್ ಕೇಳಿ ಅಮ್ಮಂದಿರು ಅನ್ನಕ್ಕಿಡುತ್ತಿದ್ದ ತೊಂಬತ್ತರ ದಶಕ ಅದು. ಅಪ್ಪನಿಗೆ ಪೀಣ್ಯದಲ್ಲಿ ಲೇತ್ ಕೆಲಸ. ರಾಜಗೋಪಾಲನಗರದ ವಠಾರದಲ್ಲಿ ನಮ್ಮ ಬಾಡಿಗೆ ಮನೆ, ಪಕ್ಕದಲ್ಲೊಂದು ಖಾಲಿ ಸೈಟು. ಆ ವರ್ಷ ಹಾವೇರಿ ಕಡೆಯಿಂದ ಬಂದ ಅಜ್ಜಿ, ಅಪ್ಪನ ತಾಯಿ, ಸೈಟಿನ ಗಾಜಿನ ಚೂರು, ಕಬ್ಬಿಣದ ಸುರುಳಿಗಳನ್ನೆಲ್ಲ ಆರಿಸಿ ಹಾಕಿ ಕುಂಬಳದ ಬೀಜ ಊರಿದಳು. ಶ್ರಾವಣದ ಕಡೆಯ ಸೋಮವಾರ ಮಠದ ದಾಸೋಹಕ್ಕೆ ಮೊದಲ ಕಾಯಿ ಕೊಡುತ್ತೇನೆಂದು ಶಿವನಿಗೆ ಹೇಳಿಕೊಂಡಿದ್ದಳು.

ಬಳ್ಳಿ ನಾಲ್ಕು ಎಲೆ ಬಿಟ್ಟಿದ್ದೇ ತಡ, ಕೆಂಪು ದುಂಬಿಗಳು ಬಂದು ಎಲೆಯನ್ನು ಜರಡಿ ಮಾಡತೊಡಗಿದವು. ಔಷಧಿ ಹೊಡೆಯಿರಿ ಎಂದು ಪಕ್ಕದ ಮನೆಯ ಜಯಮ್ಮನವರು ಹೇಳಿದರೆ ಅಜ್ಜಿ ನಕ್ಕಳು.

"ನಿನಗ ಹೊಟ್ಟಿ ಐತಿ, ಅದಕ್ಕೂ ಐತಿ. ಎರಡು ಎಲಿ ತಿಂದ್ರ ತಿನ್ನಲಿ ಬಿಡು."

"ಎರಡೇ ತಿನ್ನು ಅಂತ ಅದಕ್ಕೆ ಮಗ್ಗಿ ಹೇಳ್ಕೊಟ್ಟಿದ್ದೀರಾ ಅಜ್ಜಿ?"

ಹಾಗೆಂದು ಸುಮ್ಮನೆ ಕೂರುವವಳಲ್ಲ ಅಜ್ಜಿ. ಬಳ್ಳಿಯ ಸುತ್ತ ಮೂಲಂಗಿ ಬಿತ್ತಿದಳು, ಅಂಚಿಗೆ ಚೆಂಡುಹೂವು. ಆ ಘಾಟಿಗೆ ದುಂಬಿ ಹಿಂದೆ ಸರಿಯುತ್ತವಂತೆ. ಬುಡ ಕೆದಕಿದರೆ ಅವುಗಳ ಮರಿಹುಳು ಮೇಲೆ ಬರುತ್ತಿದ್ದವು, ಗೊರವಂಕಗಳು ಹೆಕ್ಕಿಕೊಂಡು ಹೋಗುತ್ತಿದ್ದವು. ಸಿಪ್ಪೆ, ಒಣ ಎಲೆ, ಸಗಣಿ ಕೊಳೆಸಿ ಮಣ್ಣಿಗೆ ಉಣಿಸುತ್ತಿದ್ದಳು. "ಮಣ್ಣು ಉಂಡ್ರ ಬಳ್ಳಿ ಗಟ್ಟಿ, ಬಳ್ಳಿ ಗಟ್ಟಿದ್ರ ಹುಳಕ್ಕ ಅಂಜೂದಿಲ್ಲ" ಎನ್ನುವಳು. ಆ ಮಣ್ಣಿಗೆ ಕೈ ಹಾಕಿದರೆ ತಣ್ಣಗೆ ಎರೆಹುಳು ತಾಕುತ್ತಿತ್ತು. ಮೂಲಂಗಿ ಸೊಪ್ಪಿನ ಪಲ್ಯ, ಬಿಸಿ ಜೋಳದ ರೊಟ್ಟಿ ತಿಂದು ನಾನು ಶಾಲೆಗೆ ಓಡುತ್ತಿದ್ದೆ.

ಓಡುವ ಮುನ್ನ ಒಂದು ಕೆಲಸ. ಇಬ್ಬನಿ ಆರುವುದರೊಳಗೆ ಎಲೆಗಳಿಗೆ ಬೂದಿ ಹಾಕಬೇಕು. ನಮ್ಮದು ಸೀಮೆಎಣ್ಣೆ ಸ್ಟೋವ್, ಬೂದಿ ಎಲ್ಲಿಂದ ಬರಬೇಕು? ಜಯಮ್ಮನವರು ನೀರು ಕಾಯಿಸುವ ಹಂಡೆ ಒಲೆಯ ಬೂದಿಯನ್ನು ದಿನಾ ಡಬ್ಬಿಯಲ್ಲಿ ತುಂಬಿ ಗೋಡೆ ಮೇಲಿಡುತ್ತಿದ್ದರು. "ವಿಭೂತಿ ಹಚ್ಚಿದಂಗ, ತೆಳ್ಳಗ" ಎಂದು ಅಜ್ಜಿ ಕಲಿಸಿದ್ದಳು.

ಆಷಾಢದಲ್ಲಿ ಅಜ್ಜಿ ಜ್ವರ ಬಂದು ಮಲಗಿದಳು. ತೋಟ ಹತ್ತು ವರ್ಷದ ನನ್ನ ಕೈಗೆ ಬಂತು. ಬಳ್ಳಿಯಲ್ಲಿ ನಿಂಬೆಹಣ್ಣಿನಷ್ಟು ಒಂದು ಕಾಯಿ ಕಚ್ಚಿತ್ತು. ಅದೇ ಮಠದ ಕಾಯಿ. ಒಂದು ದಿನ ಮಳೆಗೆ ಗೋಡೆ ಮೇಲಿನ ಬೂದಿ ನೆನೆದು ಮುದ್ದೆಯಾಗಿತ್ತು. ಎಲೆ ತುಂಬ ದುಂಬಿ. ಸೈಟಿನ ಹಿಂದಿದ್ದ ಫ್ಯಾಕ್ಟರಿ ಶೆಡ್ಡಿನ ಬಳಿ ತಗಡಿನ ಕೆಳಗೆ ಬೂದಿಯಂಥದೇ ಪುಡಿಯ ರಾಶಿ ಇತ್ತು. "ಏಯ್ ಪಾಪು, ಅದನ್ನ ಮುಟ್ಬೇಡ, ಕೈ ಸುಡುತ್ತೆ" ಎಂದು ಅಲ್ಲಿನ ವಾಚ್‌ಮನ್ ಒಮ್ಮೆ ಗದರಿದ್ದ. ಅವನಿಲ್ಲದಾಗ ಮುಟ್ಟಿ ನೋಡಿದೆ. ಸುಡಲಿಲ್ಲ. ಡಬ್ಬಿ ತುಂಬಿಕೊಂಡು ಬಂದು ಕೈಯಾರೆ ಉದುರಿಸಿದೆ.

ಮರುದಿನ ಕುಣಿಯುತ್ತ ಅಜ್ಜಿಯ ಹಾಸಿಗೆಗೆ ಓಡಿದೆ. "ಅಜ್ಜಿ, ದುಂಬಿ ಎಲ್ಲಾ ಸತ್ತು ಬಿದ್ದಿದಾವೆ!"

ಅಜ್ಜಿ ನಗಲಿಲ್ಲ. "ಸತ್ತಾವ? ಬೂದಿಗೆ ಹುಳ ಸಾಯೂದಿಲ್ಲವ್ವ, ದೂರ ಸರೀತಾವ ಅಷ್ಟ. ಯಾರ ಬೂದಿ ಹಾಕಿದಿ?"

"ಜಯಮ್ಮನೋರ್ದೇ" ಎಂದೆ.

ಅಂದು ಮತ್ತೆ ಮಳೆ. ಬೆಳಗಾಗುವಷ್ಟರಲ್ಲಿ ಎಲೆಯಂಚು ಕಪ್ಪಾಗಿತ್ತು. ಎರೆಹುಳುಗಳು ಮೇಲೆ ಬಂದು ಬೆಳ್ಳಗೆ ಸತ್ತು ಬಿದ್ದಿದ್ದವು. ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು, ಒಂದು ಹಿಡಿ ಮಣ್ಣು ಮೂಸಿದಳು, ಜಯಮ್ಮನವರನ್ನು ಕೂಗಿದಳು.

"ಒಲಿಯಾಗ ಏನು ಸುಟ್ಟಿಯವ್ವ? ಫ್ಯಾಕ್ಟರಿ ಪೆಟ್ಟಿಗಿ ಏನರ ಸುಟ್ಟಿಯೇನು?"

"ತೆಂಗಿನ ಗರಿ ಕಣಜ್ಜಿ, ಇನ್ನೇನು ಸುಡ್ಲಿ? ನಿಮ್ಮ ಬಳ್ಳಿಗೆ ವಿಷ ಹಾಕೋಕೆ ನಂಗೇನು ಬಂದಿತ್ತು? ದಿನಾ ಗೋಡೆ ಮೇಲೆ ಇಟ್ಟಿದ್ದಕ್ಕೆ ಈ ಮಾತಾ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಹಿಂದೆಯೇ ನಿಂತೆ.

ಅಜ್ಜಿ ಬಳ್ಳಿ, ಮೂಲಂಗಿ, ಆ ಕಾಯಿ ಎಲ್ಲವನ್ನೂ ಕಿತ್ತು ಗುಂಡಿ ತೆಗೆಸಿ ಹೂಳಿಸಿದಳು. "ಯಾರೂ ಬಾಯಾಗ ಹಾಕಬ್ಯಾಡ್ರಿ, ಆಡಿಗೂ ಹಾಕಬ್ಯಾಡ್ರಿ." ಒಂದು ಸೊಪ್ಪಿನೆಸಳೂ ಯಾರ ಹೊಟ್ಟೆಗೂ ಹೋಗಲಿಲ್ಲ. ಶಿವ ಅಷ್ಟು ಕಾಪಾಡಿದ. ಅದಕ್ಕಾಗಿ ಇಂದಿಗೂ ಕೈ ಮುಗಿಯುತ್ತೇನೆ.

ಎರಡು ದಿನಕ್ಕೆ ನನ್ನ ಬೆರಳುಗಳ ಚರ್ಮ ಸುಲಿಯತೊಡಗಿತು. ಅಜ್ಜಿ ಎದುರು ಕೂರಿಸಿಕೊಂಡು ಅಂಗೈ ಬಿಡಿಸಿ ನೋಡಿದಳು. ಒಂದೊಂದೇ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು, ಬಹಳ ನಿಧಾನವಾಗಿ. ಹತ್ತೂ ಬೆರಳು ಮುಗಿದರೂ ಕೈ ಬಿಡಲಿಲ್ಲ. ನಾನು ಹೇಳಲಿ ಎಂದು ಕಾದಳು. ನಾನು ಹೇಳಲಿಲ್ಲ. ಆಮೇಲೆ ಎದ್ದು ಜಯಮ್ಮನವರ ಬಾಗಿಲಿಗೆ ಹೋದಳು.

"ತಪ್ಪು ನಂದವ್ವ. ವಯಸ್ಸಾತು, ಏನೇನೋ ಅಂದೆ."

"ಹೋಗ್ಲಿ ಬಿಡಿ ಅಜ್ಜಿ" ಎಂದರು ಅವರು. ಡಬ್ಬಿ ಮಾತ್ರ ಮತ್ತೆ ಗೋಡೆ ಮೇಲೆ ಬರಲಿಲ್ಲ.

ಕಡೆಯ ಸೋಮವಾರ ಅಜ್ಜಿ ಬರಿಗೈಯಲ್ಲಿ ಮಠಕ್ಕೆ ಹೋಗಿ ದಾಸೋಹದ ಪಾತ್ರೆ ತೊಳೆದು ಬಂದಳು. ಸೈಟಿನ ನಡುವೆ ಆಮೇಲೆ ಹುಲ್ಲೂ ಹುಟ್ಟಲಿಲ್ಲ, ಅಂಚಿನಲ್ಲಿ ಎರಡು ಚೆಂಡುಹೂವಿನ ಗಿಡ ಉಳಿದಿದ್ದವು. ಈಗ ಅಲ್ಲಿ ಮೂರಂತಸ್ತಿನ ಮನೆ. ಜಯಮ್ಮನವರು ಬಾಗಲಗುಂಟೆಗೆ ಹೋದರೆಂದು ಕೇಳಿದ್ದೆ, ಹುಡುಕಿದರೂ ಸಿಗಲಿಲ್ಲ. ಅಜ್ಜಿ ಶಿವನ ಪಾದ ಸೇರಿ ಎಷ್ಟೋ ವರ್ಷ. ನಾನು ಹೇಳಬೇಕಾಗಿದ್ದದ್ದು ಇಬ್ಬರಿಗೆ. ಕೇಳಿಸಿಕೊಳ್ಳಲು ಈಗ ಒಬ್ಬರೂ ಇಲ್ಲ.

ನಮ್ಮ ಟೆರೇಸಿನಲ್ಲಿ ಎಂಟು ಕುಂಡಗಳಿವೆ. ಕುಂಬಳದ ಪಕ್ಕ ಮೂಲಂಗಿ, ಚೆಂಡುಹೂವು. ದುಂಬಿ ಬರುತ್ತವೆ, ಎರಡು ಎಲೆ ತಿನ್ನುತ್ತವೆ, ತಿನ್ನಲಿ. ಅವು ಕಾಣದ ದಿನ ಎರೆಹುಳು ಸಿಗುವ ತನಕ ಮಣ್ಣು ಕೆದಕುತ್ತೇನೆ. ಆಮೇಲೆ ಕೈ ತೊಳೆದು, ವಿಭೂತಿ ಹಚ್ಚಿಕೊಳ್ಳುವ ಮುನ್ನ ಅಂಗೈ ಬಿಡಿಸಿ ಒಂದು ಗಳಿಗೆ ಹಿಡಿಯುತ್ತೇನೆ, ಎದುರಿಗೆ ಯಾರೋ ಕೂತು ಕಾಯುತ್ತಿರುವ ಹಾಗೆ.