ಉಬ್ಬರವಿಲ್ಲದ ಕಡಲಿನಾಕೆ

ನ್ಯೂ ಲಿನ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಆಗ ಎಪ್ಪತ್ತೆಂಟು. ಮೆಡಿಟರೇನಿಯನ್ ಕಡಲಿನ ಒಂದು ಸಣ್ಣ ದ್ವೀಪದಿಂದ ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಲು ಭೂಮಿಯ ದಕ್ಷಿಣ ತುದಿಯ ಈ ದೇಶಕ್ಕೆ ಬಂದವರು. ಹುಡುಗನನ್ನು ಅದಕ್ಕೆ ಮೊದಲು ಫೋಟೋದಲ್ಲಷ್ಟೇ ನೋಡಿದ್ದರು. ನಾನು ಅವರನ್ನು ಆಂಟಿ ಅನ್ನುತ್ತಿದ್ದೆ. ಗಂಡ ತೀರಿಕೊಂಡು ಎರಡು ತಿಂಗಳಾದ ಮೇಲೆ ಒಂದು ದಿನ ಬೇಲಿಯಾಚೆಯಿಂದ ಕೇಳಿದರು:

"ಶನಿವಾರ ಬೆಳಗ್ಗೆ ನಿನಗೇನು ಕೆಲಸ?"

"ಬಟ್ಟೆ ಒಗೆಯೋದು."

"ಅದನ್ನ ಭಾನುವಾರ ಒಗಿ. ಕಾರು ನಿನ್ನದು, ದಾರಿ ನಾನು ತೋರಿಸ್ತೀನಿ."

ಹೀಗೆ ಶುರುವಾಯಿತು. ನಾನು ಮೈಸೂರಿನವಳು, ಊರಲ್ಲಿದ್ದಾಗ ಸಮುದ್ರ ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಸಲ. ಅವರ ಜೊತೆ ಪಶ್ಚಿಮದ ಕಪ್ಪು ಮರಳಿನ ಮೇಲೆ, ದನದ ಹುಲ್ಲುಗಾವಲುಗಳ ಅಂಚಿನಲ್ಲಿ, ಕೊಲ್ಲಿಯ ಕೆಸರು ದಂಡೆಯಲ್ಲಿ ಒಂದು ವರ್ಷ ನಡೆದೆ. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ, "ನಮ್ಮಲ್ಲಿ ಸಮುದ್ರ ಇದ್ದಲ್ಲೇ ಇರುತ್ತೆ. ಇದಕ್ಕೆ ನಿಂತ ಕಡೆ ನಿಲ್ಲೋಕೆ ಬರಲ್ಲ," ಎಂದು ಗೊಣಗುತ್ತಿದ್ದರು. ಅಲ್ಲಿ ಉಬ್ಬರ ಏರುವುದು ಒಂದು ಗೇಣಷ್ಟೇ ಅಂತೆ. ಹಾಗಾಗಿ ಇಲ್ಲಿ ನೀರು ಏರಿಳಿಯುವ ಸಮಯ ನೋಡುವ ಕೆಲಸ ನನಗೆ ಬಿತ್ತು. ನಾನು ಇಂಜಿನಿಯರು, ಲೆಕ್ಕ ತಪ್ಪುವವಳಲ್ಲ ಎಂದು ಇಬ್ಬರೂ ನಂಬಿದ್ದೆವು.

ಮಾರ್ಚ್‌ನ ಒಂದು ಶನಿವಾರ ಲೆಕ್ಕ ತಪ್ಪಿತು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಮನೆಯ ಗೋಡೆಯ ಮೇಲಿನ ಉಬ್ಬರದ ಸಮಯದ ಹಳೆಯ ಪಟ್ಟಿ ನೋಡುವಾಗ ಆ ಗಂಟೆಯನ್ನು ನಾವೇ ಸೇರಿಸಿಕೊಳ್ಳಬೇಕು. ಫೋನಿನಲ್ಲಿ ಅದು ಸೇರಿಯೇ ಇರುತ್ತದೆ. ಅವತ್ತು ಫೋನ್ ನೋಡಿದೆ, ಅಭ್ಯಾಸಬಲದಿಂದ ಮತ್ತೊಂದು ಗಂಟೆ ಸೇರಿಸಿದೆ. ಕೊಲ್ಲಿಯ ದಂಡೆಯಲ್ಲಿ ನೀರಿಗೆ ಚಾಚಿದ ಒಂದು ಬಂಡೆಯ ಮೂಗನ್ನು ಸುತ್ತಿ ಆಚೆಯ ಪುಟ್ಟ ದಂಡೆಗೆ ಹೋದೆವು. ಚಿಪ್ಪು ಆಯ್ದೆವು, ಕೂತೆವು. ವಾಪಸು ಬಂದಾಗ ಆ ಮೂಗಿನ ಸುತ್ತ ನೀರು ನನ್ನ ಸೊಂಟದ ಮಟ್ಟಕ್ಕಿತ್ತು. ಹಿಂದೆ ಕಡಿದಾದ ಗುಡ್ಡ. ಫೋನಿಗೆ ಸಿಗ್ನಲ್ ಇರಲಿಲ್ಲ.

"ಆಂಟಿ, ನಾನು ಈಜಿಕೊಂಡು ಹೋಗಿ ಯಾರನ್ನಾದರೂ ಕರೆತರಲಾ?"

"ನಿನಗೆ ಈಜು ಬರುತ್ತಾ?"

"ಇಲ್ಲ."

"ಹಾಗಾದರೆ ಕೂತ್ಕೋ."

ನೀರು ಮುಟ್ಟದಷ್ಟು ಎತ್ತರದಲ್ಲಿ, ಮರದ ಬೇರುಗಳ ಕೆಳಗೆ ಒಂದು ಕಟ್ಟೆಯಂಥ ಬಂಡೆ ಸಿಕ್ಕಿತು. ನೀರು ಪೂರ್ತಿ ಏರಿ ಮತ್ತೆ ದಾಟುವಷ್ಟು ಇಳಿಯಲು ಇನ್ನೂ ಆರು ಗಂಟೆ ಬೇಕಿತ್ತು. ನನ್ನ ಚೀಲದಲ್ಲಿದ್ದ ಚಪಾತಿ, ಚಟ್ನಿಪುಡಿ ಹಂಚಿಕೊಂಡೆವು. ಅವರು ತಮ್ಮ ಹಿತ್ತಲಿನ ಅಂಜೂರ ತೆಗೆದರು. ತಪ್ಪು ನನ್ನದೇ ಎಂದು ನಾನು ಮೂರನೇ ಸಲ ಹೇಳಿದಾಗ ಅವರಿಗೆ ರೇಗಿತು. "ಸಾಕು. ಮುಂದೆ ಸರಿಯಾಗಿ ನೋಡು, ಅಷ್ಟೇ."

ಮಧ್ಯಾಹ್ನ ಮೂರರ ಹೊತ್ತಿಗೆ, ನೀರು ನೋಡುತ್ತಲೇ, ಅವರು ಹೇಳತೊಡಗಿದರು. ಊರು ಬಿಟ್ಟ ದಿನ ಅವರ ತಾಯಿ ದೋಣಿಯವರೆಗೂ ಬರುತ್ತೇನೆಂದು ಹೊರಟಿದ್ದರಂತೆ. ದಡದಗುಂಟ ಕಾಲುದಾರಿ, ಒಂದು ಕಡೆ ಆಲಿವ್ ತೋಟ, ಒಂದು ಕಡೆ ಸಮುದ್ರ. ಅರ್ಧ ದಾರಿಯಲ್ಲಿ ತಾಯಿ ಕಲ್ಲುಗೋಡೆಯ ಮೇಲೆ ಕೂತು, "ಇನ್ನು ನೀನೇ ಹೋಗು, ಕಾಲು ನೋಯ್ತಿದೆ," ಅಂದರು.

"ಅವಳ ಕಾಲಿಗೇನೂ ಆಗಿರಲಿಲ್ಲ," ಎಂದರು ಆಂಟಿ. "ದಿನಾ ಬೆಟ್ಟ ಹತ್ತೋಳು."

"ಆಮೇಲೆ ನೋಡಲಿಲ್ವಾ ಅವರನ್ನ?"

"ಇಲ್ಲ."

ಬಾಟಲಿಯಲ್ಲಿ ಉಳಿದ ನೀರು ಕೊಟ್ಟೆ. ಕುಡಿದರು. ಸಂಜೆ ಆರೂವರೆಗೆ ಮೊಣಕಾಲುದ್ದ ನೀರಿನಲ್ಲಿ ನನ್ನ ತೋಳು ಹಿಡಿದು ದಾಟಿದರು. ಕಾರಿನಲ್ಲಿ ಹೀಟರ್ ಹಾಕಿದಾಗ, "ನನಗೆ ಆ ದಾರಿ ಒಂದು ಸಲ ನಡೀಬೇಕು," ಅಂದರು.

ದೂರದ ಡನೀಡಿನ್ ಊರಿನಲ್ಲಿದ್ದ ಅವರ ಮಗ ಫೋನಿನಲ್ಲಿ, ಈ ವಯಸ್ಸಿನಲ್ಲಿ ಬೇಡ ಅಂದ. ಮುಂದಿನ ವರ್ಷದ ಮೇ ತಿಂಗಳಲ್ಲಿ ನಾನು ರಜೆ ಹಾಕಿ ಅವರ ಜೊತೆ ಹೋದೆ.

ದಾರಿ ಇತ್ತು. ಅರ್ಧಕ್ಕೆ ಸಿಮೆಂಟು ಬಿದ್ದಿತ್ತು, ತೋಟದಲ್ಲಿ ಪ್ರವಾಸಿಗರಿಗೆ ಬಾಡಿಗೆ ಮನೆಗಳೆದ್ದಿದ್ದವು. ಇಡೀ ದಾರಿ ನಲವತ್ತು ನಿಮಿಷದ್ದು. ಆಂಟಿ ಎಲ್ಲೂ ನಿಲ್ಲಲಿಲ್ಲ. ನಾನೇ ಹಿಂದೆ ಬಿದ್ದೆ. ಕೊನೆಯಲ್ಲಿ, ದೋಣಿಕಟ್ಟೆಯ ಅಂಗಡಿಯಲ್ಲಿ, ತಮ್ಮ ಭಾಷೆಯಲ್ಲಿ ಕಾಫಿ ಕೇಳಿದರು. ಅಂಗಡಿಯ ಹೆಂಗಸು ನಕ್ಕು, ಮತ್ತೊಮ್ಮೆ ಹೇಳಿಸಿ, ಹಾಗೆ ತನ್ನ ಅಜ್ಜಿ ಮಾತಾಡುತ್ತಿದ್ದಳು, ಈಗ ಯಾರೂ ಆ ಪದ ಬಳಸುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಂಟಿಯೂ ಇಂಗ್ಲಿಷಿಗೆ ತಿರುಗಿದರು.

ಕಾಫಿ ಚೆನ್ನಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತು, ನಡೆದು ಬಂದ ದಾರಿಯನ್ನೇ ನೋಡುತ್ತಿದ್ದರು. ಬೇಜಾರಾಯಿತೇ ಎಂದು ಕೇಳಿದೆ.

"ಇಲ್ಲ," ಅಂದರು. "ದೋಣಿಕಟ್ಟೆ ಇಷ್ಟು ಹತ್ತಿರ ಇತ್ತು ಅನ್ನೋದು ಮರೆತುಹೋಗಿತ್ತು."